ನಿರೂಪಕಿಯ ಮಲೆಯಾಳ

ಏಷ್ಯಾನೆಟ್ ಚಾನೆಲ್ಲಿನಲ್ಲಿ 'ಐಡಿಯಾ ಸ್ಟಾರ್ ಸಿಂಗರ್' ಬರುತ್ತಿದ್ದ ವರ್ಷಗಳಲ್ಲಿ ನಮ್ಮ ಕಾಸರಗೋಡಿನ ಮನೆಗಳಲ್ಲಿ ರಾತ್ರಿ ಎರಡು ವಿಷಯಗಳ ಮೇಲೆ ಚರ್ಚೆ ನಡೆಯುತ್ತಿತ್ತು. ಯಾರು ಚೆನ್ನಾಗಿ ಹಾಡಿದರು ಎಂಬುದು ಒಂದು. ಆ ನಿರೂಪಕಿ ಯಾಕೆ ಹಾಗೆ ಮಾತಾಡುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಎರಡನೆಯದು ಊಟವಾಗಿ ಕೈ ಒಣಗಿದರೂ ಮುಗಿಯುತ್ತಿರಲಿಲ್ಲ.

ನಿರೂಪಕಿ ರಂಜಿನಿ ಹರಿದಾಸ್. 2000ದಲ್ಲಿ ಮಿಸ್ ಕೇರಳ ಆಗಿದ್ದವರು. 2007ರಲ್ಲಿ ಅವರು ಸ್ಟಾರ್ ಸಿಂಗರ್ ವೇದಿಕೆಗೆ ಬಂದಾಗ ಮಲೆಯಾಳ ಟಿ.ವಿ. ಅಂಥವರನ್ನು ನೋಡಿರಲಿಲ್ಲ. ಇಂಗ್ಲಿಷಿನ ಧಾಟಿಯಲ್ಲಿ ತೇಲುವ ಮಲೆಯಾಳ, ವಾಕ್ಯದ ಅರ್ಧಕ್ಕೆ ಪೂರ್ತಿ ಇಂಗ್ಲಿಷಿಗೇ ಹಾರಿಬಿಡುವ ಅಭ್ಯಾಸ, ಚೆನ್ನಾಗಿ ಹಾಡಿದವರನ್ನು ಓಡಿಹೋಗಿ ಅಪ್ಪಿಕೊಳ್ಳುವುದು, ದೊಡ್ಡ ದನಿ, ದೊಡ್ಡ ನಗು. ಕೇರಳ ಎರಡು ಪಾಲಾಯಿತು. ಒಂದು ಪಾಲು ಈಕೆ ನಮ್ಮ ಭಾಷೆಯನ್ನು ಕೊಲ್ಲುತ್ತಿದ್ದಾಳೆ ಎಂದಿತು. ಇನ್ನೊಂದು ಪಾಲು, ಅದರಲ್ಲಿ ಹೆಚ್ಚಿನವರು ಕಾಲೇಜಿನ ಹುಡುಗಿಯರು, ಅಂತೂ ಒಬ್ಬಳು ತಲೆ ತಗ್ಗಿಸದೆ ಮಾತಾಡುವವಳು ಬಂದಳು ಎಂದು ಖುಷಿಪಟ್ಟಿತು. ಬೈದವರೂ ಖುಷಿಪಟ್ಟವರೂ ಮಾರನೇ ದಿನ ಮತ್ತೆ ಟಿ.ವಿ. ಹಾಕಿದರು ಎಂಬುದನ್ನು ಚಾನೆಲ್ಲಿನವರು ಮಾತ್ರ ಸರಿಯಾಗಿ ಲೆಕ್ಕ ಇಟ್ಟಿರಬೇಕು!

ಒಬ್ಬ ನಿರೂಪಕಿಯ ಬಗ್ಗೆ ಇಷ್ಟು ಗಲಾಟೆ ಯಾಕಾಯಿತು ಎಂದು ತಿಳಿಯಬೇಕಾದರೆ ಟಿ.ವಿ.ಯನ್ನು ಸ್ವಲ್ಪ ಬದಿಗಿಟ್ಟು ಕೇರಳದ ಶಾಲೆಗಳಿಗೆ ಬರಬೇಕು.

ಕೇರಳಕ್ಕೆ ಪ್ರತಿಭಾ ಸ್ಪರ್ಧೆ ಹೊಸದಲ್ಲ. ರಾಜ್ಯ ಹುಟ್ಟಿದ್ದು 1956ರ ನವೆಂಬರ್ 1ರಂದು; ಶಾಲಾ ಯುವಜನೋತ್ಸವ ಶುರುವಾದದ್ದು 1957ರ ಜನವರಿಯಲ್ಲಿ. ಮಗುವಿಗೆ ಮೂರು ತಿಂಗಳು ತುಂಬುವ ಮೊದಲೇ ಸ್ಪರ್ಧೆಗೆ ನಿಲ್ಲಿಸಿದ ಹಾಗೆ. ಇವತ್ತು ಅದನ್ನು ಕಲೋತ್ಸವ ಎನ್ನುತ್ತೇವೆ. 1958ರ ಉತ್ಸವದಲ್ಲಿ ಹಾಡುಗಾರಿಕೆಗೆ ಬಹುಮಾನ ಪಡೆದ ಹುಡುಗ ಯೇಸುದಾಸ್, ಮೃದಂಗಕ್ಕೆ ಬಹುಮಾನ ಪಡೆದ ಹುಡುಗ ಪಿ. ಜಯಚಂದ್ರನ್. ಆ ಇಬ್ಬರ ಕಪ್ಪುಬಿಳುಪು ಫೋಟೋ ಪ್ರತಿ ಕಲೋತ್ಸವದ ಸಮಯದಲ್ಲಿ ಯಾವುದಾದರೂ ಪತ್ರಿಕೆಯಲ್ಲಿ ಬಂದೇ ಬರುತ್ತದೆ. ಗೆದ್ದ ಜಿಲ್ಲೆಗೆ 117.5 ಪವನಿನ ಚಿನ್ನದ ಕಪ್ಪು. ಸೋತವರಿಗೆ ಅಪೀಲು. ಅಪೀಲು ತಳ್ಳಿಹೋದರೆ ಕೋರ್ಟು. ತೀರ್ಪುಗಾರರನ್ನು ಬೈಯುವುದು, ಮಗುವಿನ ಮೇಲೆ ಸಾವಿರಗಟ್ಟಲೆ ಸುರಿಯುವ ತಂದೆತಾಯಿಯನ್ನು ನೋಡಿ ಮರುಗುವುದು, ನಮ್ಮ ಜಿಲ್ಲೆಗೆ ಮೋಸವಾಯಿತು ಎನ್ನುವುದು, ಇದೆಲ್ಲ ಇಲ್ಲಿ ರಿಯಾಲಿಟಿ ಶೋ ಬರುವುದಕ್ಕೆ ಅರ್ಧ ಶತಮಾನದ ಹಿಂದೆಯೇ ರೂಢಿಯಾಗಿತ್ತು. ನಾವು ಗಡಿನಾಡಿನ ಕನ್ನಡ ಅಧ್ಯಾಪಕರೂ ಯಕ್ಷಗಾನ ತಂಡ ಕಟ್ಟಿಕೊಂಡು, ಕನ್ನಡ ಕಂಠಪಾಠದ ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿದವರೇ.

ಆ ಕಲೋತ್ಸವದಲ್ಲಿ ನಿರೂಪಕ ಎಂಬ ಹುದ್ದೆಯೇ ಇಲ್ಲ, ಗಮನಿಸಿದ್ದೀರಾ? ಇರುವುದು ಒಂದು ಮೈಕು, ಅದರ ಹಿಂದೆ ಮುಖ ಕಾಣದ ಒಂದು ದನಿ. "ಜಡ್ಜಸ್ ಪ್ಲೀಸ್ ನೋಟ್, ಚೆಸ್ಟ್ ನಂಬರ್ ಇಷ್ಟು, ಆನ್ ದಿ ಸ್ಟೇಜ್" ಅಷ್ಟೇ. ಹೆಚ್ಚಾಗಿ ಅದು ಯಾರೋ ಒಬ್ಬ ಅಧ್ಯಾಪಕರ ದನಿ, ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಮಗುವಿನ ಹೆಸರನ್ನು ಹೇಳುವಂತಿಲ್ಲ, ಶಾಲೆಯನ್ನು ಹೇಳುವಂತಿಲ್ಲ, ಚೆನ್ನಾಗಿತ್ತು ಎನ್ನುವಂತಿಲ್ಲ. (ಭಾಷಾಭಿಮಾನದ ರಾಜ್ಯದಲ್ಲಿ ಈ ಒಂದು ವಾಕ್ಯ ಮಾತ್ರ ಇಂಗ್ಲಿಷಿನಲ್ಲೇ ಉಳಿದದ್ದು ಹೇಗೋ. ಅದಕ್ಕೆ ಯಾರೂ ತಕರಾರು ಮಾಡಿದ್ದಿಲ್ಲ.)

ಸ್ಟಾರ್ ಸಿಂಗರ್ ಬಂದಾಗ ಅದರಲ್ಲಿ ಹಾಡುವ ಮಕ್ಕಳು ಹೊಸಬರಲ್ಲ, ಕಲೋತ್ಸವದವರೇ ಅನೇಕರು. ತೀರ್ಪುಗಾರರೂ ಹೊಸಬರಲ್ಲ. ಎಂ.ಜಿ. ಶ್ರೀಕುಮಾರ್, ಕೆ.ಎಸ್. ಚಿತ್ರಾ, ಸಂಗೀತ ನಿರ್ದೇಶಕ ಶರತ್, ಎಲ್ಲರೂ ಜನ ಬಲ್ಲವರು. ಶರತ್ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ 'ಸಂಗತಿ' ಎಂಬ ಕರ್ನಾಟಕ ಸಂಗೀತದ ಶಬ್ದ ಕೇರಳದ ಬೀಡಿ ಅಂಗಡಿಗಳವರೆಗೆ ಹೋಯಿತು. ಯಾರಾದರೂ ಗುನುಗಿದರೆ ಸಾಕು, ಸಂಗತಿ ಸರಿ ಬೀಳಲಿಲ್ಲ ಎಂದು ತಮಾಷೆ. ಬಹುಮಾನ ಚಿನ್ನದ ಕಪ್ಪಿನ ಬದಲು ಮನೆ, ಅಪೀಲಿನ ಬದಲು ಎಸ್ಸೆಮ್ಮೆಸ್ಸು. ಎಲ್ಲವೂ ಗೊತ್ತಿದ್ದದ್ದೇ, ಬಣ್ಣ ಮಾತ್ರ ಬೇರೆ. ನಿಜವಾಗಿ ಹೊಸದಾಗಿದ್ದ ಕುರ್ಚಿ ಒಂದೇ. ಅಲ್ಲ, ಕುರ್ಚಿಯೂ ಇರಲಿಲ್ಲ, ಪಾಪ, ನಿಂತೇ ಇರಬೇಕಿತ್ತು. ಆ ಜಾಗದಲ್ಲಿ ನಿಂತವರ ಕೆಲಸ ಏನು, ಅವರು ಎಷ್ಟು ಮಾತಾಡಬಹುದು, ಹಾಡಿನ ಬಗ್ಗೆ ಅಭಿಪ್ರಾಯ ಹೇಳಬಹುದೇ ಎಂಬುದಕ್ಕೆ ಜನರ ಮನಸ್ಸಿನಲ್ಲಿ ಇನ್ನೂ ನಿಯಮ ಇರಲಿಲ್ಲ. ಐವತ್ತು ವರ್ಷ ಚೆಸ್ಟ್ ನಂಬರ್ ಕೇಳಿದ ಕಿವಿಗೆ ಈ ಹೊಸ ದನಿ ಕರ್ಕಶವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಕೇರಳದ ಹೊರಗೂ ಸ್ವಲ್ಪ ನೋಡೋಣ. ನಮ್ಮ ದೇಶದಲ್ಲಿ ಹಾಡಿನ ಕಾರ್ಯಕ್ರಮ ನಡೆಸಿಕೊಡುವವರ ಮಾದರಿ ರೇಡಿಯೋದಿಂದ ಬಂತು. ಅಮೀನ್ ಸಯಾನಿ 1952ರಲ್ಲಿ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ಶುರುಮಾಡಿದಾಗ ಕೇಳುಗರಿಗೆ ಸಿಕ್ಕಿದ್ದು ದನಿ ಮಾತ್ರ, ಬಟ್ಟೆಬರೆ ನೋಡುವ ಪ್ರಶ್ನೆಯೇ ಇಲ್ಲ. ಟಿ.ವಿ. ಬಂದ ಮೇಲೆ ಆ ಜಾಗದಲ್ಲಿ ಗಾಯಕರನ್ನೇ ನಿಲ್ಲಿಸಿದರು. 1995ರಲ್ಲಿ ಜೀ ಟಿ.ವಿ.ಯ 'ಸಾ ರೆ ಗ ಮ'ಕ್ಕೆ ಸೋನು ನಿಗಮ್, 1996ರಲ್ಲಿ ತೆಲುಗು ಈಟಿವಿಯ 'ಪಾಡುತಾ ತೀಯಗಾ'ಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಗಾಯಕನಾದ್ದರಿಂದ ಅವರು ಎಷ್ಟು ಮಾತಾಡಿದರೂ ಜನ ಕೇಳುತ್ತಿದ್ದರು. ಹಾಡದ, ಹಾಡಲು ಬರುತ್ತದೆ ಎಂದು ಹೇಳಿಕೊಳ್ಳದ, ಕೇವಲ ನಡೆಸಿಕೊಡುವುದೇ ಕಸುಬಾದ ನಿರೂಪಕರು ಗಾಯನ ಸ್ಪರ್ಧೆಗಳಲ್ಲಿ ಮುಂದೆ ಬಂದದ್ದು 2004ರ 'ಇಂಡಿಯನ್ ಐಡಲ್' ನಂತರ, ವಿದೇಶದ ಅಚ್ಚಿನಲ್ಲಿ. ರಂಜಿನಿ ಬಂದದ್ದು ಆ ಸಾಲಿನಲ್ಲಿ.

ಇನ್ನು ವೀಕ್ಷಕರು ಹೇಳಿದ್ದೇನು? ಆಕ್ಷೇಪಗಳಲ್ಲಿ ಮೊದಲನೆಯದು, ಅತಿ ದೊಡ್ಡದು, ಭಾಷೆ. 'ಮಂಗ್ಲೀಷ್' ಎಂಬ ಶಬ್ದ ಮೊದಲೇ ಇತ್ತು, ಆದರೆ ಅದಕ್ಕೊಂದು ಮುಖ ಸಿಕ್ಕಿದ್ದು ಆಗ. ಮಲೆಯಾಳದ 'ಳ', 'ೞ' ಗಳನ್ನು ಸರಿಯಾಗಿ ಹೇಳದವಳಿಗೆ ಮಲೆಯಾಳ ಚಾನೆಲ್ಲಿನಲ್ಲಿ ಏನು ಕೆಲಸ ಎಂಬುದು ಪ್ರಶ್ನೆ. ಮಿಮಿಕ್ರಿ ಕಲಾವಿದರಿಗಂತೂ ಸುಗ್ಗಿ. ಕೇರಳದಲ್ಲಿ ಮಿಮಿಕ್ರಿ ಎಂದರೆ ದೇವಸ್ಥಾನದ ಉತ್ಸವದಲ್ಲೂ ನಡೆಯುವ ಗಂಭೀರ ಕಸುಬು. ಅಲ್ಲಿಯವರೆಗೆ ಸಿನಿಮಾ ನಟರನ್ನೂ ಮುಖ್ಯಮಂತ್ರಿಗಳನ್ನೂ ಅನುಕರಿಸುತ್ತಿದ್ದ ವೇದಿಕೆಗಳಲ್ಲಿ ಒಬ್ಬ ಟಿ.ವಿ. ನಿರೂಪಕಿಯ ಅಣಕವೂ ಕಡ್ಡಾಯ ಐಟಂ ಆಯಿತು. ಗಂಡಸರು ವಿಗ್ ಹಾಕಿಕೊಂಡು ರಂಜಿನಿಯಾದರು.

ಎರಡನೇ ಆಕ್ಷೇಪ ಬಟ್ಟೆ ಮತ್ತು ಅಪ್ಪುಗೆ. ಇದನ್ನು ಹೆಚ್ಚು ಎಳೆಯುವ ಅಗತ್ಯ ನಮಗೆ ಕಾಣುವುದಿಲ್ಲ. ಸ್ಪರ್ಧೆಯಿಂದ ಹೊರಬಿದ್ದು ಅಳುವ ಹುಡುಗನ ಹೆಗಲಿಗೆ ಕೈ ಹಾಕಿದ್ದು ತಪ್ಪಾಗಿ ಕಂಡರೆ ಅದು ನೋಡುವವರ ತೊಂದರೆ. ಮೂರನೆಯದು, ಆಕೆ ತನ್ನ ಮಿತಿ ಮೀರಿ ತೀರ್ಪುಗಾರಳ ಹಾಗೆ ಮಾತಾಡುತ್ತಾಳೆ ಎಂಬುದು. ಇದರಲ್ಲಿ ಮಾತ್ರ ಸ್ವಲ್ಪ ಹುರುಳಿತ್ತು ಎನ್ನಬೇಕು. ಆದರೆ ನಿಯಮವೇ ಇಲ್ಲದ ಹುದ್ದೆಗೆ ಮಿತಿ ಎಲ್ಲಿಂದ?

2011ರಲ್ಲಿ ಈ ಜಗಳ ವೇದಿಕೆಗೇ ಬಂತು. ಅದೇ ಚಾನೆಲ್ಲಿನ ಮಕ್ಕಳ ಗಾಯನ ಸ್ಪರ್ಧೆಯ ಕೊನೆಯ ಸುತ್ತಿಗೆ ಅತಿಥಿಯಾಗಿ ಬಂದಿದ್ದ ಹಾಸ್ಯನಟ ಜಗತಿ ಶ್ರೀಕುಮಾರ್, ರಂಜಿನಿ ಅಲ್ಲೇ ನಿಂತಿರುವಾಗ ಆಕೆಯ ನಿರೂಪಣೆಯನ್ನು ಅಣಕಿಸಿ ಟೀಕಿಸಿದರು. ಸಭೆ ಚಪ್ಪಾಳೆ ತಟ್ಟಿತು. ಜಗತಿ ಎಂದರೆ ಕೇರಳದವರಿಗೆ ಮನೆಯ ಹಿರಿಯ ಇದ್ದ ಹಾಗೆ, ಅವರು ಹೇಳಿದರೆ ಊರು ಹೇಳಿದ ಹಾಗೆ. ವರ್ಷಗಟ್ಟಲೆ ಚಾವಡಿಗಳಲ್ಲಿ ಹೇಳುತ್ತಿದ್ದುದನ್ನು ಯಾರೋ ಮುಖಕ್ಕೇ ಹೇಳಿದರಲ್ಲ ಎಂಬ ಸಂತೋಷ ಹಲವರಿಗೆ. ಕರೆಸಿದ ಮನೆಯಲ್ಲಿ, ಸಾವಿರಾರು ಜನರ ಎದುರು, ತಿರುಗಿ ಮಾತಾಡುವಂತಿಲ್ಲದ ಕೆಲಸದಲ್ಲಿರುವ ಹೆಣ್ಣುಮಗಳನ್ನು ಹಾಗೆ ಅಣಕಿಸಬಹುದೇ ಎಂದವರೂ ಇದ್ದರು, ಆದರೆ ಆ ದಿನ ಅವರ ದನಿ ಸಣ್ಣದಿತ್ತು. ಮರುವರ್ಷ, 2012ರ ಮಾರ್ಚಿನಲ್ಲಿ ಜಗತಿ ಭೀಕರ ರಸ್ತೆ ಅಪಘಾತಕ್ಕೆ ಸಿಕ್ಕಿ ಮಾತನ್ನೇ ಕಳೆದುಕೊಂಡರು. ಆಮೇಲೆ ಈ ವಿಷಯದಲ್ಲಿ ನಗುವುದು ಯಾರಿಗೂ ಸುಲಭವಾಗಲಿಲ್ಲ.

ಈಗ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2004ರಲ್ಲಿ ತಮಿಳಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತು. 2008ರಲ್ಲಿ ಕನ್ನಡಕ್ಕೂ ತೆಲುಗಿಗೂ ಸಿಕ್ಕಿತು. ದಕ್ಷಿಣದಲ್ಲಿ ಉಳಿದದ್ದು ಮಲೆಯಾಳ ಒಂದೇ, ಅದಕ್ಕೆ ಸಿಕ್ಕಿದ್ದು 2013ರಲ್ಲಿ. ತಿರೂರಿನಲ್ಲಿ ಮಲೆಯಾಳ ವಿಶ್ವವಿದ್ಯಾಲಯ ಶುರುವಾದದ್ದು 2012ರಲ್ಲಿ. ರಂಜಿನಿಯ ಮಲೆಯಾಳದ ಬಗ್ಗೆ ಕೇರಳ ಜಗಳವಾಡಿದ್ದು ಸರಿಯಾಗಿ ಈ ನಡುವಿನ ವರ್ಷಗಳಲ್ಲಿ, ನಮ್ಮ ಭಾಷೆಗೆ ಏನೋ ಕಡಿಮೆಯಾಗಿದೆ ಎಂಬ ಕಳವಳ ಎಲ್ಲ ಭಾಷಣಗಳಲ್ಲಿ ಇದ್ದಾಗ. ಅದೇ ವರ್ಷಗಳಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸುಗಳು ನಮ್ಮ ಒಳರಸ್ತೆಗಳಿಗೂ ಬಂದವು. ಮಗು ಮನೆಗೆ ಬಂದ ನೆಂಟರ ಎದುರು ಇಂಗ್ಲಿಷಿನಲ್ಲಿ ಪದ್ಯ ಹೇಳಿದರೆ ಹೆಮ್ಮೆ. ಆ ಮಗು ಬೆಳೆದು ಟಿ.ವಿ.ಯಲ್ಲಿ ನಿಂತು ಅದೇ ಧಾಟಿಯಲ್ಲಿ ಮಾತಾಡಿದರೆ ಸಿಟ್ಟು. ತಾವೇ ಫೀಸು ಕಟ್ಟಿ ತಯಾರು ಮಾಡಿಸಿದ ಮಲೆಯಾಳವನ್ನು ಜನ ರಂಜಿನಿಯ ಬಾಯಲ್ಲಿ ಕೇಳಿ ಬೆಚ್ಚಿಬಿದ್ದರು ಎಂದೇ ನಮ್ಮ ಅನಿಸಿಕೆ.

ಕನ್ನಡದಲ್ಲಿ ಇದು ಆಗಿರಲಿಲ್ಲವೇ? ಆಗಿತ್ತು. 2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಶುರುವಾಗಿ ಎಫ್.ಎಂ. ಹುಡುಗ ಹುಡುಗಿಯರು ಕಂಗ್ಲಿಷ್ ಮಾತಾಡತೊಡಗಿದಾಗ ಇದೇ ಬೈಗುಳ ಅಲ್ಲೂ ಕೇಳಿಬಂತು. ಗಡಿಯ ಈಚೆ ಇದ್ದ ನಮಗೆ ಅಳತೆಗೋಲು ಬೇರೆಯದಿತ್ತು. ಮಂಗಳೂರು ಆಕಾಶವಾಣಿ 1976ರಿಂದ ನಮ್ಮ ಅಡಿಗೆಮನೆಯಲ್ಲಿತ್ತು. ಮುಂದೆ ದೂರದರ್ಶನದಲ್ಲಿ ಅಪರ್ಣಾ ಅವರ ಕನ್ನಡ ಕೇಳಿದೆವು. ಒಂದು ಅಲ್ಪಪ್ರಾಣ ಜಾರದ, ಹಾಗೆಂದು ಬಿಗಿದುಕೊಳ್ಳದ ಕನ್ನಡ. ಮಕ್ಕಳಿಗೆ ನಿರೂಪಣೆ ಹೇಗಿರಬೇಕೆಂದು ತೋರಿಸಲು ನಮ್ಮಲ್ಲಿ ಅನೇಕರು ಅವರ ಹೆಸರನ್ನೇ ಹೇಳುತ್ತಿದ್ದೆವು. ಅವರು 2024ರ ಜುಲೈಯಲ್ಲಿ ತೀರಿಕೊಂಡಾಗ ಬೆಂಗಳೂರಿನ ಮೆಟ್ರೋದ ದನಿ ಹೋಯಿತು ಎಂದು ಪತ್ರಿಕೆಗಳು ಬರೆದವು. ಮೆಟ್ರೋ ಹತ್ತದ ನಮಗೂ ಹೋದದ್ದು ಮನೆಯವರೇ. ಅದೇ ಅಪರ್ಣಾ 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿ ಬಡಾಯಿ ಕೊಚ್ಚಿ ನಗಿಸಿದ್ದನ್ನು ಮಾತ್ರ ಅವರ ಶುದ್ಧ ಕನ್ನಡದ ಭಕ್ತರು ಅಷ್ಟಾಗಿ ನೆನೆಯುವುದಿಲ್ಲ.

ಇನ್ನೊಂದು ವಿಚಿತ್ರವೂ ಉಂಟು. ಈಟಿವಿ ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ನಡೆಸಿಕೊಟ್ಟವರು ಎಸ್.ಪಿ.ಬಿ. ಅವರ ಮನೆಮಾತು ತೆಲುಗು. ಅವರ ಕನ್ನಡದಲ್ಲಿ ಅಲ್ಲಲ್ಲಿ ತೆಲುಗಿನ ಎಳೆ ಇಣುಕುತ್ತಿತ್ತು, ಆದರೆ ಯಾರೂ ಅದನ್ನು ಎತ್ತಿ ಆಡಲಿಲ್ಲ. ಎಷ್ಟು ಪ್ರೀತಿಯಿಂದ ಕನ್ನಡ ಮಾತಾಡುತ್ತಾರೆ ಎಂದೇ ಎಲ್ಲರೂ ಹೇಳಿದ್ದು. 2020ರ ಸೆಪ್ಟೆಂಬರ್ 25ರಂದು ಅವರು ಹೋದಾಗ ಕನ್ನಡಿಗರು ತಮ್ಮವರನ್ನು ಕಳೆದುಕೊಂಡವರಂತೆ ಅತ್ತರು. ತೆಲುಗಿನಲ್ಲಿ ಸುಮಾ ಕನಕಾಲ ಎಂಬ ನಿರೂಪಕಿ ಇದ್ದಾರೆ, ಆ ಭಾಷೆಯ ಅತ್ಯಂತ ಜನಪ್ರಿಯ ನಿರೂಪಕಿಯರಲ್ಲಿ ಒಬ್ಬರು. ಹುಟ್ಟಿನಿಂದ ಅವರು ಮಲೆಯಾಳಿ, ಪಾಲಕ್ಕಾಡಿನ ಕಡೆಯವರು. ಅವರ ತೆಲುಗನ್ನು ತೆಲುಗರು ಹೊಗಳುತ್ತಾರೆ. ಹೊರಗಿನಿಂದ ಬಂದು ಕಲಿತವರ ತಪ್ಪು ಮುದ್ದಾಗಿ ಕಾಣುತ್ತದೆ. ಒಳಗಿದ್ದೂ ಬಿಟ್ಟವಳ ತಪ್ಪು ದ್ರೋಹವಾಗಿ ಕಾಣುತ್ತದೆ. ರಂಜಿನಿ ಪಂಜಾಬಿನಿಂದ ಬಂದು ಅಷ್ಟೇ ಮಲೆಯಾಳ ಮಾತಾಡಿದ್ದರೆ ಕೇರಳ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿತ್ತು ಮಾರಾಯ್ರೆ! ಒಬ್ಬ ಗಂಡಸು ನಿರೂಪಕ ಅದೇ ಧಾಟಿಯಲ್ಲಿ ಮಾತಾಡಿದ್ದರೆ? ಸ್ಟೈಲು ಎನ್ನುತ್ತಿದ್ದರೇನೋ.

ಕಾಸರಗೋಡಿನ ನಾವು ಈ ಜಗಳವನ್ನು ಎಲ್ಲಿ ನಿಂತು ನೋಡಿದೆವು? 1956ರಲ್ಲಿ ತಾಲೂಕನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ವರದಿ ಕಪಾಟಿನಲ್ಲಿ ಕುಳಿತಿತು. ಅಲ್ಲಿಂದೀಚೆಗೆ ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲೂ ತಾಲೂಕು ಆಫೀಸಿನಲ್ಲೂ ಮಲೆಯಾಳ. ನಮ್ಮ ಮಲೆಯಾಳ ಆಫೀಸಿನ ಜಗಲಿಯಲ್ಲಿ ಕಲಿತದ್ದು. ತಿರುವನಂತಪುರಕ್ಕೆ ಹೋಗಿ ಬಾಯಿ ಬಿಟ್ಟರೆ ಎದುರಿನವರ ತುಟಿಯಲ್ಲಿ ಒಂದು ನಗು ಮೂಡುತ್ತದಲ್ಲ, ಆ ನಗು ನಮಗೆ ಚೆನ್ನಾಗಿ ಗೊತ್ತು. ರಂಜಿನಿಯನ್ನು ನೋಡಿ ನಗುವವರ ಜೊತೆ ನಮ್ಮವರೂ ನಕ್ಕರು, ಸುಳ್ಳು ಯಾಕೆ ಹೇಳಬೇಕು. ನಮಗಿಂತ ಕೆಟ್ಟ ಮಲೆಯಾಳ ಮಾತಾಡುವವರೊಬ್ಬರು ಟಿ.ವಿ.ಯಲ್ಲೇ ಸಿಕ್ಕಿದರಲ್ಲ!

ನಾವು ಮಾತ್ರ ಅಲ್ಲ. ಇಲ್ಲಿಯ ಮಲೆಯಾಳಿಗಳ ಸ್ವಂತ ಮಲೆಯಾಳವೂ ಟಿ.ವಿ.ಯ ಮಲೆಯಾಳ ಅಲ್ಲ. ಕಾಂಞಂಗಾಡು, ಚೆರುವತ್ತೂರು ಕಡೆಯ ಮಾತಿಗೆ ತುಳು ಕನ್ನಡಗಳ ಗಾಳಿ ತಾಗಿದೆ. ತೆಂಕಣ ಜಿಲ್ಲೆಯವರಿಗೆ ಅದು ಅರ್ಥವಾಗದ ತಮಾಷೆ. ಸಿನಿಮಾದಲ್ಲಿ ಆ ಮಾತು ಬಹುಕಾಲ ಬಂದದ್ದೇ ಕಡಿಮೆ, ಬಂದರೆ ನಗಿಸಲಿಕ್ಕೆ. ರಂಜಿನಿಯನ್ನು ಬೈಯುವವರು ಶುದ್ಧ ಮಲೆಯಾಳ ಎಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಇಂಗ್ಲಿಷ್ ಬೆರೆಯದ ಮಲೆಯಾಳ ಎಂದಷ್ಟೇ ಅಲ್ಲ, ತೆಂಕಣ, ಮೇಲ್ವರ್ಗದ, ಅಚ್ಚಿನ ಮಲೆಯಾಳ. ಅದರ ಎದುರು ಕಾಂಞಂಗಾಡಿನ ಮೀನು ಮಾರುವವಳೂ ಫೇಲು, ನಾವೂ ಫೇಲು, ಕೊಚ್ಚಿಯ ರಂಜಿನಿಯೂ ಫೇಲು. ಮೂವರನ್ನೂ ಫೇಲು ಮಾಡಿದ ಮಾಸ್ತರ ಒಬ್ಬನೇ.

ಈ ಅಳತೆಗೋಲು ಸ್ವಲ್ಪವಾದರೂ ಸಡಿಲಿದ್ದು ಆಮೇಲೆ. ಕಾಂಞಂಗಾಡಿನ ಸೆನ್ನಾ ಹೆಗ್ಡೆ 2018ರಲ್ಲಿ ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದರು, ಆಮೇಲೆ ತಮ್ಮ ಊರಿನ ಮಾತಿನಲ್ಲೇ 'ತಿಂಕಳಾಳ್ಚ ನಿಶ್ಚಯಂ' ಮಾಡಿದರು. 2021ರಲ್ಲಿ ಜನ ಅದನ್ನು ನೋಡಿದರು, ರಾಷ್ಟ್ರ ಪ್ರಶಸ್ತಿಯೂ ಬಂತು. 2022ರ 'ನ್ನಾ ತಾನ್ ಕೇಸ್ ಕೊಡ್' ಸಿನಿಮಾದಲ್ಲಿ ಕುಂಚಾಕೋ ಬೋಬನ್ ಅಂಥ ತಾರೆಯೇ ಕಾಸರಗೋಡಿನ ಧಾಟಿ ಕಲಿತು ಮಾತಾಡಿದರು. ಈಗ ತೆಂಕಣದವರಿಗೂ ಈ ಭಾಷೆ ಚಂದ. ಭಾಷೆ ಬದಲಾಗಲಿಲ್ಲ, ಕೇಳುವ ಕಿವಿ ಬದಲಾಯಿತು.

ಇಲ್ಲಿ ಯಾರಾದರೂ ನಮ್ಮನ್ನೇ ತಿರುಗಿ ಕೇಳಬಹುದು. ಇಷ್ಟು ಉದಾರವಾಗಿ ಬರೆಯುವ ನೀವು, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮ ತರಗತಿಗೆ ಕಳಿಸಿದಾಗ ಶಾಲೆಯ ಗೇಟಿನಲ್ಲಿ ಧರಣಿ ಕೂತದ್ದು ಯಾಕೆ? ನಿರೂಪಕಿಯ ಭಾಷೆ ಹೇಗಿದ್ದರೂ ನಡೆಯುತ್ತದೆ, ಮಾಸ್ತರರದ್ದು ನಡೆಯುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ, ಮತ್ತು ಗಡಿನಾಡಿನಲ್ಲಿ ಪಾಠ ಮಾಡುವವರು ಇದಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವಂತಿಲ್ಲ. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲೆಯಾಳ ಕಡ್ಡಾಯದ ಕಾನೂನು ತಂದಾಗ ಇಲ್ಲಿ ನಡೆದ ಹೋರಾಟದ ಹೊತ್ತಿಗೂ ಈ ಮಾತು ಬಂದಿತ್ತು, ನಿಮಗೆ ಮಲೆಯಾಳದ ಮೇಲೆ ದ್ವೇಷವೇ ಎಂದು.

ರಂಜಿನಿ ಹೇಳಿದ ಒಂದೇ ಒಂದು ವಾಕ್ಯವಾದರೂ ಅರ್ಥವಾಗದೆ ಉಳಿದ ವೀಕ್ಷಕ ಕೇರಳದಲ್ಲಿ ಎಷ್ಟು ಮಂದಿ ಇದ್ದರು? ಇಂಗ್ಲಿಷ್ ಬಾರದ ಅಜ್ಜಿಯಂದಿರೂ ಯಾರು ಉಳಿದರು, ಯಾರು ಹೊರಬಿದ್ದರು ಎಂದು ತಿಳಿದೇ ಅತ್ತರು, ನಕ್ಕರು. ಅವರಿಗೆ ನಷ್ಟವಾದದ್ದು ಏನೂ ಇಲ್ಲ, ಕಿವಿಗೆ ಹಿತವಾಗಲಿಲ್ಲ ಅಷ್ಟೇ. ಎಂಟನೇ ತರಗತಿಯ ಮಗುವಿನ ಕಥೆ ಹಾಗಲ್ಲ. ಏಳು ವರ್ಷ ಕನ್ನಡದಲ್ಲಿ ಓದಿ ಬಂದ ಮಗುವಿನ ಮುಂದೆ ನಿಂತವರು ಕೋನ, ತ್ರಿಭುಜ, ದ್ಯುತಿಸಂಶ್ಲೇಷಣೆ ಎಂಬ ಯಾವ ಶಬ್ದವನ್ನೂ ಅದರ ಭಾಷೆಯಲ್ಲಿ ಹೇಳಲಾರರು. ಮಗು ಬೋರ್ಡು ನೋಡಿ ಚಿತ್ರ ಬಿಡಿಸಿಕೊಳ್ಳುತ್ತದೆ, ಪರೀಕ್ಷೆಯಲ್ಲಿ ಚಿತ್ರಕ್ಕಷ್ಟೇ ಅಂಕ. ಅಲ್ಲಿ ಹೋಗುವುದು ಒಂದು ವರ್ಷ, ಕೆಲವೊಮ್ಮೆ ಅಲ್ಲಿಂದ ಮುಂದಿನದೆಲ್ಲ. ಚಾನೆಲ್ಲನ್ನು ರಿಮೋಟಿನಲ್ಲಿ ಬದಲಾಯಿಸಬಹುದು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಗು ಎಲ್ಲಿಗೆ ಹೋಗಬೇಕು? ಆ ಅಧ್ಯಾಪಕರ ಮೇಲೂ ನಮಗೆ ಸಿಟ್ಟಿಲ್ಲ. ಪರೀಕ್ಷೆ ಬರೆದು ಪಟ್ಟಿಯಲ್ಲಿ ಹೆಸರು ಬಂದು ಕಳಿಸಿದಲ್ಲಿಗೆ ಬಂದವರು ಅವರು, ಅವರ ಉಚ್ಚಾರಣೆಯನ್ನು ಅಣಕಿಸುವ ಮಕ್ಕಳನ್ನು ನಾವೇ ಗದರಿದ್ದುಂಟು. ಅರ್ಥವಾಗುವ ಭಾಷೆಯಲ್ಲಿ ಪಾಠ ಕೇಳುವುದು ಹಕ್ಕು. ಹಿತವಾಗುವ ಉಚ್ಚಾರಣೆ ಕೇಳುವುದು ಆಸೆ. ಇವೆರಡನ್ನು ಒಂದೇ ಚೀಲಕ್ಕೆ ತುಂಬಿದರೆ ಭಾಷಾಭಿಮಾನದ ಹೆಸರಿನಲ್ಲಿ ಮಿಮಿಕ್ರಿ ಮಾತ್ರ ಉಳಿಯುತ್ತದೆ, ಅರ್ಜಿ ಹಿಡಿದು ಡಿ.ಡಿ. ಆಫೀಸಿಗೆ ಹೋಗುವವರು ಉಳಿಯುವುದಿಲ್ಲ.

ಆಮೇಲೆ ಏನಾಯಿತು ಎಂದರೆ, ರಂಜಿನಿ ಸ್ಟಾರ್ ಸಿಂಗರ್ ಬಿಟ್ಟ ಮೇಲೂ ವೇದಿಕೆ ಬಿಡಲಿಲ್ಲ. ಪ್ರಶಸ್ತಿ ಸಮಾರಂಭಗಳನ್ನು ನಡೆಸಿಕೊಟ್ಟರು. ಬೀದಿನಾಯಿಗಳ ಪರವಾಗಿ ಮಾತಾಡಿ ಮತ್ತೆ ಬೈಸಿಕೊಂಡರು. 2018ರಲ್ಲಿ ಮೋಹನ್‌ಲಾಲ್ ನಡೆಸಿಕೊಟ್ಟ ಮಲೆಯಾಳ ಬಿಗ್ ಬಾಸ್‌ನ ಮೊದಲ ಸರಣಿಯಲ್ಲಿ ಸ್ಪರ್ಧಿಯಾದರು. ಆ ಹೊತ್ತಿಗೆ ಅವರ ಮಲೆಯಾಳ ಯಾರಿಗೂ ಸುದ್ದಿಯಾಗಿ ಉಳಿದಿರಲಿಲ್ಲ. ಅವರ ನಂತರ ಬಂದ ಮಲೆಯಾಳ ನಿರೂಪಕರಲ್ಲಿ ಅನೇಕರು ಅವರಿಗಿಂತ ಹೆಚ್ಚೇ ಇಂಗ್ಲಿಷ್ ಬೆರೆಸುತ್ತಾರೆ, ವೀಕ್ಷಕರು ಹಪ್ಪಳ ತಿನ್ನುತ್ತ ನೋಡುತ್ತಾರೆ. ಮೊದಲು ಬಂದವರು ಪೆಟ್ಟು ತಿಂದರು, ದಾರಿ ಆಯಿತು. 2007ರಲ್ಲಿ ಅದೇ ವೇದಿಕೆಯಲ್ಲಿ ಗೆದ್ದ ನಜೀಮ್ ಅರ್ಷಾದ್ ಇವತ್ತು ಹೆಸರಾಂತ ಹಿನ್ನೆಲೆ ಗಾಯಕ. ಉಳಿದ ಸರಣಿಗಳಲ್ಲಿ ಗೆದ್ದವರು ಯಾರು ಎಂದು ನಮ್ಮ ಅಧ್ಯಾಪಕರ ಕೋಣೆಯಲ್ಲಿ ಕೇಳಿ ನೋಡಿ, ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ನಿರೂಪಕಿಯ ಹೆಸರು ಕೇಳಿ, ತಡವಿಲ್ಲದೆ ಬರುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ಈಗ ಮಾದರಿ ಬೇರೆ. ಜೀ ಕನ್ನಡದ 'ಸರಿಗಮಪ' ನಡೆಸಿಕೊಡುವ ಅನುಶ್ರೀ ಮಂಗಳೂರಿನಿಂದ ಹೋದವರು. ನಮ್ಮ ತುಳು ಮನೆಗಳಲ್ಲಿ ಅವರನ್ನು 'ನಮ್ಮ ಜೋವು', ನಮ್ಮ ಮಗು ಎಂದೇ ಹೇಳುವವರಿದ್ದಾರೆ. ಶಾಲಾ ವಾರ್ಷಿಕೋತ್ಸವದ ನಿರೂಪಣೆಗೆ ಹೆಸರು ಕೊಡಿ ಎಂದರೆ ಮೊದಲು ಕೈ ಎತ್ತುವವರು ಏಳನೇ ತರಗತಿಯ ಹುಡುಗಿಯರು. ಬರೆದುಕೊಟ್ಟ ಚೀಟಿಯನ್ನು ಅರ್ಧ ಓದಿ ಮಡಚಿಟ್ಟು, ಮುಂದಿನದನ್ನು ತಮ್ಮದೇ ಕನ್ನಡದಲ್ಲಿ ಹೇಳುತ್ತಾರೆ. ಅದರಲ್ಲಿ ಒಂದು ತುಳು ಶಬ್ದ, ಎರಡು ಮಲೆಯಾಳ ಶಬ್ದ, ನಾಲ್ಕಾರು ಇಂಗ್ಲಿಷ್ ಶಬ್ದ ಬೀಳುತ್ತವೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಬಂದು ಅಚ್ಚಗನ್ನಡದ ಬಗ್ಗೆ ಹತ್ತು ನಿಮಿಷ ಬುದ್ಧಿ ಹೇಳುತ್ತಾರೆ. ಅವರ ಮೊಮ್ಮಕ್ಕಳು ಇಂಗ್ಲಿಷ್ ಮೀಡಿಯಮ್ಮಿನಲ್ಲಿದ್ದಾರೆ. ನಾವು ಚಾ ಕೊಟ್ಟು ಕೇಳಿಸಿಕೊಳ್ಳುತ್ತೇವೆ, ಮರುವರ್ಷವೂ ಮೈಕನ್ನು ಅದೇ ಹುಡುಗಿಗೆ ಕೊಡುತ್ತೇವೆ.